ವಿಚಾರಣಾ ಆಯೋಗ (ಭಾರತದ ಆಡಳಿತ ಕಾನೂನಿನಲ್ಲಿ)

ಸಾರ್ವಜನಿಕ ಮಹತ್ವದ ನಿರ್ದಿಷ್ಟ ವಿಷಯವೊಂದರ ಸತ್ಯಾಂಶ ಕಂಡುಹಿಡಿಯಲು ಸರ್ಕಾರ ನೇಮಿಸುವ ತಾತ್ಕಾಲಿಕ ಆಯೋಗ. ಇದಕ್ಕೆ ಆಧಾರ 1952ರ ವಿಚಾರಣಾ ಆಯೋಗಗಳ ಕಾಯ್ದೆ. ಸರ್ಕಾರ ತಾನಾಗಿಯೇ ಆಯೋಗ ರಚಿಸಬಹುದು. ಸಂಸತ್ತಿನ ಎರಡೂ ಸದನಗಳೋ ರಾಜ್ಯದ ಶಾಸಕಾಂಗವೋ ನಿರ್ಣಯ ಅಂಗೀಕರಿಸಿದರೆ ರಚಿಸಲೇಬೇಕು. ಸಮನ್ಸ್ ಕಳಿಸಲು, ಪ್ರಮಾಣ ಮಾಡಿಸಿ ಸಾಕ್ಷ್ಯ ಪಡೆಯಲು, ಕಡತ ತರಿಸಲು ಆಯೋಗಕ್ಕೆ ಸಿವಿಲ್ ನ್ಯಾಯಾಲಯದಷ್ಟೇ ಅಧಿಕಾರವಿದೆ. ಶಿಕ್ಷೆ ವಿಧಿಸುವ ಅಧಿಕಾರ ಮಾತ್ರ ಇಲ್ಲ.

ಕಾಯ್ದೆಯ ಬಲ ಮೊದಲು ಜನರ ಕಣ್ಣಿಗೆ ಬಿದ್ದದ್ದು 1958ರಲ್ಲಿ. ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಕಂಪನಿಗಳ ಷೇರು ಕೊಂಡದ್ದನ್ನು ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಪ್ರಶ್ನಿಸಿದ್ದರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಒಳಗೆ ಜಾಗ ಸಿಗದವರಿಗಾಗಿ ಹೊರಗೆ ಧ್ವನಿವರ್ಧಕ ಹಾಕಿಸಬೇಕಾಯಿತು. ಕಾರ್ಯದರ್ಶಿ ಮಾಡಿದ ಕೆಲಸಕ್ಕೂ ಸಚಿವರೇ ಹೊಣೆ ಎಂದಿತು ವರದಿ. ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇಷ್ಟು ಚುರುಕಾಗಿ, ಇಷ್ಟು ತೆರೆದ ಮನಸ್ಸಿನಿಂದ ನಡೆದ ವಿಚಾರಣೆ ಆಮೇಲೆ ಅಪರೂಪವೇ.

ಅದೇ ವರ್ಷ ರಾಮಕೃಷ್ಣ ದಾಲ್ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಪರಿಹಾರ ಅಥವಾ ಶಿಕ್ಷೆಗಾಗಿ ಶಿಫಾರಸು ಮಾಡಬೇಕೆಂಬ ಮಾತುಗಳನ್ನು ಆಯೋಗ ನೇಮಿಸಿದ ಅಧಿಸೂಚನೆಯಿಂದ ತೆಗೆದುಹಾಕಿತು. 1971ರ ತಿದ್ದುಪಡಿಯು ಯಾರ ಹೆಸರಿಗೆ ಕಳಂಕ ತಟ್ಟಬಹುದೋ ಅವರ ಅಹವಾಲು ಕೇಳುವುದನ್ನು, ಅವರಿಗೆ ಪಾಟೀಸವಾಲಿನ ಅವಕಾಶ ಕೊಡುವುದನ್ನು ಕಾಯ್ದೆಯೊಳಗೇ ಸೇರಿಸಿತು. ವರದಿ ಕೈಸೇರಿದ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರದೊಂದಿಗೆ ಅದನ್ನು ಸದನದ ಮುಂದಿಡುವುದೂ ಕಡ್ಡಾಯವಾಯಿತು. 1986ರಲ್ಲಿ ವರದಿಯನ್ನು ಸದನಕ್ಕೆ ಕೊಡದಿರಲು ಸರ್ಕಾರ ದಾರಿ ಮಾಡಿಕೊಂಡಿತು. 1990ರಲ್ಲಿ ಆ ದಾರಿ ಮುಚ್ಚಿತು.

ಒಕ್ಕೂಟ ವ್ಯವಸ್ಥೆಯ ದೊಡ್ಡ ಪ್ರಶ್ನೆ ಎದ್ದದ್ದು ಕರ್ನಾಟಕದಿಂದ. 1977ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತನ್ನದೇ ಆಯೋಗ ನೇಮಿಸಿದ ಕೆಲವೇ ದಿನಗಳಲ್ಲಿ, ಮುಖ್ಯಮಂತ್ರಿ ದೇವರಾಜ ಅರಸು ವಿರುದ್ಧದ ಆರೋಪಗಳ ವಿಚಾರಣೆಗೆ ಕೇಂದ್ರವು ಗ್ರೋವರ್ ಆಯೋಗ ರಚಿಸಿತು. ರಾಜ್ಯದ ಮಂತ್ರಿಮಂಡಲ ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ, ಕೇಂದ್ರಕ್ಕಲ್ಲ ಎಂದು ಕರ್ನಾಟಕ ವಾದಿಸಿತು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ದಾವೆಯನ್ನು ವಜಾ ಮಾಡಿತು: ಸದನಕ್ಕಿರುವ ಸಾಮೂಹಿಕ ಹೊಣೆ ಬೇರೆ, ವ್ಯಕ್ತಿಯೊಬ್ಬರ ನಡತೆಯ ವಿಚಾರಣೆ ಬೇರೆ.

ಆಯೋಗದ ಅವಧಿಯನ್ನು ಅಧಿಸೂಚನೆಯಲ್ಲಿ ಹೇಳುತ್ತಾರೆ, ಆದರೆ ವಿಸ್ತರಣೆಗೆ ಕಾಯ್ದೆ ಮಿತಿ ಹಾಕಿಲ್ಲ. ಬಾಬರಿ ಮಸೀದಿ ಧ್ವಂಸದ ವಿಚಾರಣೆಗೆ 1992ರ ಡಿಸೆಂಬರಿನಲ್ಲಿ ಮೂರು ತಿಂಗಳ ಗಡುವಿನೊಂದಿಗೆ ನೇಮಕವಾದ ಲಿಬರ್ಹಾನ್ ಆಯೋಗ, 48 ವಿಸ್ತರಣೆಗಳ ನಂತರ, 2009ರ ಜೂನ್‌ನಲ್ಲಿ ವರದಿ ಸಲ್ಲಿಸಿತು. ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬೇಕಿರುವುದು ಇಲ್ಲಿಯೇ.