ಪಿಡುಗಿನ ಕಾಲದ ತಲೆಬರಹಗಳು

2020ರ ಮೇ 10, ಭಾನುವಾರ. ಅಂದಿನವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಕೋವಿಡ್‌ನ ಒಂದೇ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ಭೂಪಟಗಳಲ್ಲಿ ನಮ್ಮ ಜಿಲ್ಲೆಗೆ ಹಸಿರು ಬಣ್ಣ. ಅಂದು ಅಹಮದಾಬಾದಿನಿಂದ ಹಿಂದಿರುಗಿದ್ದ 8 ಮಂದಿಗೆ ಸೋಂಕು ಇರುವುದು ಖಚಿತವಾಯಿತು. ಅವರನ್ನು ಜಿಲ್ಲೆಗೆ ಬಂದೊಡನೆ ಪ್ರತ್ಯೇಕವಾಗಿ ಇರಿಸಲಾಗಿತ್ತು. ಊರಿನ ಜನರೊಂದಿಗೆ ಅವರು ಬೆರೆತಿರಲಿಲ್ಲ. ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ ಹದಿನೇಳೂವರೆ ಲಕ್ಷ. ಹೀಗಿದ್ದರೂ ಅಂದು ಸಂಜೆ ನಮ್ಮ ಬೀದಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಟಿವಿ ಪರದೆಗಳ ಮೇಲೆ ಮಾತ್ರ ಆ '8' ಎಂಬ ಅಂಕಿ ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು.

ಓದುಗರೇ, ವೈರಸ್ಸಿನ ಬಗ್ಗೆ ಈ ಪತ್ರಿಕೆಯಲ್ಲಿ ಸಾಕಷ್ಟು ಓದಿದ್ದೀರಿ. ಆ ದಿನಗಳಲ್ಲಿ ನಮ್ಮನ್ನು ವೈರಸ್ಸಿಗಿಂತ ಮೊದಲೇ ತಲುಪಿದ ತಲೆಬರಹಗಳು ಮನಸ್ಸಿನ ಮೇಲೆ ಮಾಡಿದ ಪರಿಣಾಮವನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲು ನೂರು ವರ್ಷ ಹಿಂದಕ್ಕೆ ಹೋಗಬೇಕು. 1918ರ ಇನ್‌ಫ್ಲುಯೆಂಜಾ ಪಿಡುಗಿಗೆ 'ಸ್ಪ್ಯಾನಿಷ್ ಫ್ಲೂ' ಎಂಬ ಹೆಸರು ಬಂದದ್ದೇ ಪತ್ರಿಕೆಗಳಿಂದ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಯುದ್ಧದಲ್ಲಿ ತೊಡಗಿದ್ದ ದೇಶಗಳು ಕಾಯಿಲೆಯ ಸುದ್ದಿಯನ್ನು ಸೆನ್ಸಾರ್ ಮಾಡಿದವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳಿಗೆ ಆ ಕಟ್ಟು ಇರಲಿಲ್ಲ. ದೊರೆ ಹದಿಮೂರನೆಯ ಅಲ್ಫೋನ್ಸೊ ಹಾಸಿಗೆ ಹಿಡಿದದ್ದನ್ನೂ ಅವು ಬರೆದವು. ಇದ್ದದ್ದನ್ನು ಇದ್ದಂತೆ ಹೇಳಿದ ದೇಶಕ್ಕೆ ಕಾಯಿಲೆಯ ತವರು ಎಂಬ ಅಪಖ್ಯಾತಿ ಅಂಟಿತು.

ಆ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲಿ ನೂರರಲ್ಲಿ ಹತ್ತು ಮಂದಿಗೂ ಓದು ಬರುತ್ತಿರಲಿಲ್ಲ. ಬೆಂಕಿಪುರ ಎಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇನ್ನೂ ಯೋಜನೆಯ ಹಂತದಲ್ಲಿತ್ತು. ಕುಲುಮೆ ಉರಿಯತೊಡಗಿದ್ದು 1923ರಲ್ಲಿ. ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ರೈಲು ಹಿಡಿದು ಒಳನಾಡಿಗೆ ಬಂತು. ಸಂಸ್ಥಾನದಲ್ಲಿ ಸತ್ತವರು ಎರಡು ಲಕ್ಷದ ಸಮೀಪ ಎಂಬುದು ಅಂದಾಜು. ಭಾರತದಲ್ಲಿ ಒಟ್ಟು ಒಂದು ಕೋಟಿಗೂ ಮಿಗಿಲು. ಬಹುಪಾಲು ಮನೆಗಳಿಗೆ ಸಾವು ಸುದ್ದಿಯಾಗಿ ಬರಲೇ ಇಲ್ಲ, ಸಾವಾಗಿಯೇ ಬಂತು. ಇದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ತಿಳಿಯದೆ ಸತ್ತವರ ಸಂಖ್ಯೆ, ತಿಳಿದು ಹೆದರಿದವರ ಸಂಖ್ಯೆಗಿಂತ ಯಾವಾಗಲೂ ಹೆಚ್ಚು ದುಃಖದ್ದು.

ಇದಕ್ಕೆ ವಿರುದ್ಧವಾದ ಉದಾಹರಣೆ 1994ರ ಸೂರತ್ ಪ್ಲೇಗ್. ಸೆಪ್ಟೆಂಬರಿನಲ್ಲಿ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ವಿದೇಶಿ ವಿಮಾನಗಳು ಭಾರತಕ್ಕೆ ಬರುವುದನ್ನು ನಿಲ್ಲಿಸಿದವು. ಕೊನೆಗೆ ಲೆಕ್ಕಕ್ಕೆ ಸಿಕ್ಕ ಸಾವುಗಳು ಅರುವತ್ತಕ್ಕೂ ಕಡಿಮೆ.

ಈಗ ಭದ್ರಾವತಿಗೆ ಬರೋಣ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಿಂದ ಪತ್ರಿಕಾ ಕಾಗದವನ್ನು ತಯಾರಿಸುತ್ತಿತ್ತು. ನೀವು ಬೆಳಿಗ್ಗೆ ಕಾಫಿಯೊಂದಿಗೆ ಬಿಡಿಸುತ್ತಿದ್ದ ಕನ್ನಡ ಪತ್ರಿಕೆಯ ಹಾಳೆ ಎಷ್ಟೋ ಸಲ ಭದ್ರಾ ನದಿಯ ನೀರಿನಲ್ಲಿ ಮಿಂದು ಬಂದದ್ದು. 2015ರ ಹೊತ್ತಿಗೆ ಅಲ್ಲಿ ಉತ್ಪಾದನೆ ನಿಂತಿತು. ಐದು ವರ್ಷ ಕಳೆದು ಕೋವಿಡ್ ಬಂದಾಗ, ಪತ್ರಿಕಾ ಕಾಗದವೇ ಭಯದ ವಸ್ತುವಾಯಿತು ಎಂಬುದನ್ನು ಆ ಕಾರ್ಖಾನೆಯ ಹಳೆಯ ನೌಕರರು ಹೇಗೆ ತೆಗೆದುಕೊಂಡರೋ!

ನಡೆದದ್ದು ಹೀಗೆ. 2020ರ ಮಾರ್ಚ್ 17ರಂದು ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವ್ಯಾನ್ ಡೋರೆಮಾಲೆನ್ ಮತ್ತು ಸಂಗಡಿಗರ ಒಂದು ಪುಟ್ಟ ವರದಿ ಪ್ರಕಟವಾಯಿತು. ಬೇರೆ ಬೇರೆ ಮೇಲ್ಮೈಗಳ ಮೇಲೆ ವೈರಸ್ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಅದರ ವಿಷಯ. ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ 72 ಗಂಟೆಯವರೆಗೂ ಅದನ್ನು ಪತ್ತೆ ಮಾಡಬಹುದಾಗಿತ್ತು, ರಟ್ಟಿನ ಮೇಲೆ 24 ಗಂಟೆ ಕಳೆದಮೇಲೆ ಸಿಗಲಿಲ್ಲ. ತಲೆಬರಹಗಳು ಎತ್ತಿಕೊಂಡದ್ದು '72 ಗಂಟೆ ಬದುಕುವ ವೈರಸ್' ಎಂಬ ಒಂದೇ ಮಾತನ್ನು.

ಆ ವರದಿಯಲ್ಲಿದ್ದ ಇನ್ನೊಂದು ಅಂಕಿ ಯಾವ ತಲೆಬರಹದಲ್ಲಿಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಅರ್ಧಾಯು. ವಿಕಿರಣಶೀಲ ಧಾತುಗಳ ಪಾಠದಲ್ಲಿ ನೀವು ಇದನ್ನು ಓದಿದ್ದೀರಿ: ಇರುವ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಪ್ಲಾಸ್ಟಿಕ್ ಮೇಲೆ ವೈರಸ್ಸಿನ ಅರ್ಧಾಯು ಸುಮಾರು 6.8 ಗಂಟೆ. 72 ಗಂಟೆಯಲ್ಲಿ ಇಂತಹ ಹತ್ತಕ್ಕೂ ಹೆಚ್ಚು ಅರ್ಧಾಯುಗಳಿವೆ. ಎರಡನ್ನು ಹತ್ತು ಸಲ ಗುಣಿಸಿದರೆ 1024. ಅಂದರೆ ಮೂರನೆಯ ದಿನ ಉಳಿದಿದ್ದದ್ದು ಮೊದಲಿದ್ದುದರ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ವರದಿಯ ನಕ್ಷೆ ಮೇಲಿನಿಂದ ಕೆಳಕ್ಕೆ ಇಳಿಯುವ ಒಂದು ಗೆರೆ. ತಲೆಬರಹವಾದರೋ ಆ ಗೆರೆಯ ಕಟ್ಟಕಡೆಯ ಬಿಂದುವನ್ನು ಮಾತ್ರ ಕಿತ್ತು ನಮ್ಮ ಅಂಗೈಯಲ್ಲಿಟ್ಟಿತು.

ನಮ್ಮ ಬೀದಿಯಲ್ಲಿ ಅರ್ಧದಷ್ಟು ಮನೆಗಳು ಪತ್ರಿಕೆ ನಿಲ್ಲಿಸಿದವು. ಉಳಿದವರು ಗೇಟಿನ ಬಳಿ ಬಿಸಿಲಿಗೆ ಹಾಕಿ ಮಧ್ಯಾಹ್ನ ಓದುತ್ತಿದ್ದರು. ಅರ್ಧಾಯುವಿನ ಪಾಠವನ್ನು ಮೂವತ್ತು ವರ್ಷ ಮಾಡಿದ ನಾನೇ ಒಂದು ವಾರ ಪತ್ರಿಕೆಗೆ ಇಸ್ತ್ರಿ ಹಾಕಿದ್ದೇನೆ. ಮನೆಯವರು ಇದನ್ನು ಇಂದಿಗೂ ನೆನಪಿಸುತ್ತಾರೆ. ಮುಂದೆ ಏಪ್ರಿಲಿನಲ್ಲಿ ಹಾಂಗ್‌ಕಾಂಗಿನ ಸಂಶೋಧಕರು ಮುದ್ರಣದ ಕಾಗದದ ಮೇಲೆಯೇ ಪರೀಕ್ಷಿಸಿದರು; 3 ಗಂಟೆ ಕಳೆದಮೇಲೆ ಸೋಂಕು ತಗುಲಿಸಬಲ್ಲ ವೈರಸ್ ಸಿಗಲಿಲ್ಲ. ಅಷ್ಟರೊಳಗೆ ಪತ್ರಿಕೆ ಬಿಟ್ಟವರು ಟಿವಿಗೂ ಮೊಬೈಲಿಗೂ ಅಂಟಿಕೊಂಡಿದ್ದರು. ದಿನಕ್ಕೊಮ್ಮೆ ಬರುತ್ತಿದ್ದ ತಲೆಬರಹ ಗಂಟೆಗೆ ಹತ್ತು ಸಲ ಬರತೊಡಗಿತು.

ಇದು ಮನಸ್ಸಿಗೆ ಏನು ಮಾಡುತ್ತದೆ? 1997ರಲ್ಲಿ ಜಾನ್‌ಸ್ಟನ್ ಮತ್ತು ಡೇವಿ ಎಂಬ ಬ್ರಿಟಿಷ್ ಮನೋವಿಜ್ಞಾನಿಗಳು ಸರಳವಾದೊಂದು ಪ್ರಯೋಗ ಮಾಡಿದ್ದರು. ಮೂರು ಗುಂಪುಗಳಿಗೆ 14 ನಿಮಿಷದ ಟಿವಿ ಸುದ್ದಿ ತೋರಿಸಿದರು: ಒಂದಕ್ಕೆ ಕೆಟ್ಟ ಸುದ್ದಿ, ಒಂದಕ್ಕೆ ಒಳ್ಳೆಯದು, ಇನ್ನೊಂದಕ್ಕೆ ಎರಡೂ ಅಲ್ಲದ್ದು. ಕೆಟ್ಟ ಸುದ್ದಿ ನೋಡಿದವರಲ್ಲಿ ಆತಂಕ, ಬೇಸರ ಹೆಚ್ಚಿದ್ದು ಆಶ್ಚರ್ಯವಲ್ಲ. ಸುದ್ದಿಗೆ ಯಾವ ಸಂಬಂಧವೂ ಇಲ್ಲದ ತಮ್ಮ ಸ್ವಂತ ಚಿಂತೆಗಳನ್ನೂ ಅವರು ಮೊದಲಿಗಿಂತ ದೊಡ್ಡದಾಗಿ ಕಾಣತೊಡಗಿದರು! ಮಗಳ ಮದುವೆ, ಬ್ಯಾಂಕಿನ ಸಾಲ, ಮಂಡಿನೋವು ಎಲ್ಲವೂ ಲಾಕ್‌ಡೌನಿನಲ್ಲಿ ಬೆಳೆದು ನಿಂತದ್ದು ಏಕೆಂದು ನಿಮಗೆ ಈಗ ಹೊಳೆಯಬಹುದು. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ನಡೆದ ಅಧ್ಯಯನ ಇನ್ನೂ ವಿಚಿತ್ರ. ಸ್ಫೋಟದ ಸ್ಥಳದಲ್ಲಿ ಇದ್ದವರಿಗಿಂತ, ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಅದರ ಸುದ್ದಿಯನ್ನೇ ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು.

ಸುದ್ದಿಮನೆಗಳನ್ನು ಮಾತ್ರ ದೂರುವುದು ಸರಿಯಲ್ಲ. ಅಂತರಜಾಲದ ತಲೆಬರಹಗಳ ಒಂದು ದೊಡ್ಡ ಸಂಗ್ರಹವನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಲೆಬರಹದಲ್ಲಿ ಒಂದು ಋಣಾತ್ಮಕ ಪದ ಸೇರಿದರೆ ಅದನ್ನು ಒತ್ತುವವರ ಪ್ರಮಾಣ ಶೇ. 2.3ರಷ್ಟು ಏರುತ್ತದೆ. ಆ ಒತ್ತುವ ಬೆರಳು ನಮ್ಮದೇ.

ಮತ್ತೆ ಆ ಎಂಟಕ್ಕೆ ಬರುತ್ತೇನೆ. 1860ರಲ್ಲಿ ಫೆಕ್ನರ್ ಎಂಬ ಜರ್ಮನ್ ಭೌತವಿಜ್ಞಾನಿ, ತನಗಿಂತ ಹಿರಿಯನಾದ ವೇಬರ್‌ನ ಪ್ರಯೋಗಗಳ ಆಧಾರದ ಮೇಲೆ ಒಂದು ನಿಯಮ ಹೇಳಿದ. ನಮ್ಮ ಅನುಭವ ಪ್ರಚೋದನೆಯ ಮೊತ್ತಕ್ಕೆ ಅನುಗುಣವಾಗಿ ಬೆಳೆಯುವುದಿಲ್ಲ, ಅದರ ಅನುಪಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕತ್ತಲ ಕೋಣೆಯಲ್ಲಿ ಒಂದು ಮೇಣದ ಬತ್ತಿ ಹಚ್ಚಿದರೆ ಕಣ್ಣು ಚುಚ್ಚುತ್ತದೆ. ನೂರು ಬತ್ತಿ ಉರಿಯುವಲ್ಲಿ ಇನ್ನೊಂದನ್ನು ಹಚ್ಚಿದರೆ ಗೊತ್ತಾಗುವುದೇ ಇಲ್ಲ. ಸೊನ್ನೆಯಿಂದ 8 ಎಂಬುದು ಕತ್ತಲ ಕೋಣೆಯ ಬತ್ತಿ. ಒಂದು ವರ್ಷದ ನಂತರ, 2021ರ ಮೇ 5ರಂದು, ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಶಿವಮೊಗ್ಗದಲ್ಲಿಯೂ ದಿನಕ್ಕೆ ನೂರಾರು. ನಿಜವಾಗಿ ಹೆದರಬೇಕಾಗಿದ್ದ ಆ ದಿನಗಳಲ್ಲಿ ನಮ್ಮ ಬೀದಿಯ ತರಕಾರಿ ಗಾಡಿಯ ಸುತ್ತ ಜನ ಮುಖಗವುಸು ಗಲ್ಲಕ್ಕೆ ಇಳಿಸಿಕೊಂಡು ಚೌಕಾಸಿ ಮಾಡುತ್ತಿದ್ದರು.

ಇದಕ್ಕೆ ಮೊದಲು ಇನ್ನೊಂದು ಗೊಂದಲವೂ ನಡೆದಿತ್ತು. ಕಾರಿನ ಮುಂದೆ ಎರಡು ಮಾಪಕಗಳಿರುತ್ತವೆ. ಒಂದು ಈಗಿನ ವೇಗ, ಇನ್ನೊಂದು ಇದುವರೆಗೆ ಕ್ರಮಿಸಿದ ಒಟ್ಟು ದೂರ. ಎರಡನೆಯದು ಎಂದೂ ಇಳಿಯುವುದಿಲ್ಲ. ಭಾರತದಲ್ಲಿ ಮೊದಲ ಅಲೆಯ ವೇಗ 2020ರ ಸೆಪ್ಟೆಂಬರ್ ಮಧ್ಯದಲ್ಲಿ ತುದಿ ಮುಟ್ಟಿತು, ದಿನಕ್ಕೆ ಸುಮಾರು 97 ಸಾವಿರ. ಡಿಸೆಂಬರ್ 19ಕ್ಕೆ ಅದು ಕಾಲುಭಾಗದಷ್ಟಕ್ಕೆ ಇಳಿದಿತ್ತು. ಅಂದೇ 'ಒಂದು ಕೋಟಿ ದಾಟಿತು' ಎಂದು ದಪ್ಪಕ್ಷರಗಳಲ್ಲಿ ಬಂತು. ಹೇಳಿದ್ದು ಸುಳ್ಳಲ್ಲ, ನೋಡಿದ ಮಾಪಕ ಬೇರೆ.

ಎಲ್ಲ ತಲೆಬರಹಗಳೂ ಪತ್ರಿಕೆಯಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ರಾಜ್ಯದ ದೈನಂದಿನ ಪ್ರಕಟಣೆಯಲ್ಲಿ ಮೊದಲ ತಿಂಗಳುಗಳಲ್ಲಿ ಪ್ರತಿ ರೋಗಿಗೂ 'ಪಿ' ಎಂಬ ಅಕ್ಷರದೊಂದಿಗೆ ಒಂದು ಸಂಖ್ಯೆ, ವಯಸ್ಸು, ಲಿಂಗ, ಊರು, ಪ್ರಯಾಣದ ವಿವರ ಇರುತ್ತಿದ್ದವು. ಹೆಸರಿರಲಿಲ್ಲ. ಬೆಂಗಳೂರಿನಲ್ಲಿ ಇಷ್ಟರಿಂದ ಯಾರನ್ನೂ ಗುರುತಿಸಲಾಗದು. ನಮ್ಮ ಕಡೆಯ ಊರುಗಳಲ್ಲಿ ಅರ್ಧ ಗಂಟೆ ಸಾಕಾಗಿತ್ತು. ಮನೆಯ ಬಾಗಿಲಿಗೆ ಅಂಟಿಸಿದ ಚೀಟಿ ಎಲ್ಲಕ್ಕಿಂತ ಚಿಕ್ಕ ತಲೆಬರಹ, ಎಲ್ಲಕ್ಕಿಂತ ಕ್ರೂರವಾದದ್ದು. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಅಂತಹ ಚೀಟಿ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್ 9ರಂದು. ನನ್ನ ಪರಿಚಯದ ಕುಟುಂಬವೊಂದಕ್ಕೆ ಆ ತೀರ್ಪು ತಡವಾಯಿತು. ಅವರ ಮನೆಗೆ ಹಾಲು ಹಾಕುವವನು ಗುಣವಾದ ಎರಡು ತಿಂಗಳ ನಂತರವೂ ಬರಲಿಲ್ಲ.

ಸುದ್ದಿಯ ಗಾತ್ರಕ್ಕೂ ಅಪಾಯದ ಸಾಮೀಪ್ಯಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಹಳೆಯ ಸಾಕ್ಷಿಯಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಪ್ರತಿ ಬೇಸಿಗೆಗೆ ಮುಂಚೆ ಮಲೆನಾಡನ್ನು ಕಾಡುತ್ತದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರು ಸತ್ತರು. ಮರುವರ್ಷ ಕೋವಿಡ್ ಸುದ್ದಿಯ ಗದ್ದಲದ ನಡುವೆಯೂ ಉಣ್ಣೆಗಳು ತಮ್ಮ ಕೆಲಸ ಮಾಡುತ್ತಲೇ ಇದ್ದವು. ಆ ಕಾಯಿಲೆ ಒಳಪುಟದ ಸುದ್ದಿಯಾಗಿಯೇ ಉಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಐದು ದಿನ ಕಳೆದರೆ, ಮೇ 10ರಂದು, ಕರ್ನಾಟಕದ ವಿಧಾನಸಭೆಗೆ ಮತದಾನ. ನಾನು ನನ್ನ ತರಗತಿಯಲ್ಲಿ, ತುರ್ತುಸ್ಥಿತಿ ಮುಗಿದ ಸುದ್ದಿಯನ್ನು ಯಾರು ಓದಿದ್ದೀರಿ ಎಂದು ಕೇಳಿದೆ. ಇಬ್ಬರು ಕೈ ಎತ್ತಿದರು. ಶಿವಮೊಗ್ಗದ ಮೊದಲ ಎಂಟು ಪ್ರಕರಣಗಳು ಯಾರಿಗೆ ನೆನಪಿವೆ ಎಂದಾಗ ಇಡೀ ತರಗತಿ ಕೈ ಎತ್ತಿತು.