ಆಲೂಗಡ್ಡೆಯ ಕೊಳೆಯೂ ಅಡಕೆಯ ಕೊಳೆಯೂ

ತೋಟಗಾರನ ವರ್ಷದಲ್ಲಿ ಶರತ್ಕಾಲದಂತಹ ಆಶೆಯ ಕಾಲವಿಲ್ಲ. ಅದರಂತಹ ಭಯದ ಕಾಲವೂ ಇಲ್ಲ. ಮಳೆಗಾಲದ ದುಡಿಮೆಯು ಫಲವಾಗಿ ಕೈಗೆ ಬರತಕ್ಕ ದಿನಗಳು ಅವು. ಬೆಳೆಯ ಹಗೆಗಳು ಅದುವರೆಗೆ ಮರೆಯಲ್ಲಿ ನಡೆಯಿಸಿದ ಹಾನಿಯು ಬಯಲಿಗೆ ಬೀಳುವ ದಿನಗಳೂ ಅವೇ. ಹುಳುವಾದರೆ ಕಣ್ಣಿಗೆ ಕಾಣುವ ಹಗೆ. ಅದನ್ನು ಹೆಕ್ಕಿ ಕೊಲ್ಲಬಹುದು. ಕಾಣದ ಹಗೆಯು ತೋಟವನ್ನು ಹೊಕ್ಕರೆ ಏನಾಗುವುದೆಂಬುದಕ್ಕೆ ೧೮೪೫ರ ಐರ್ಲೆಂಡಿಗಿಂತ ದಾರುಣವಾದ ನಿದರ್ಶನವು ದೊರೆಯುವುದು ಕಷ್ಟ. ಆ ಕಥೆಯ ಒಂದು ಅಧ್ಯಾಯವು ನಮ್ಮ ಮಲೆನಾಡಿನ ಅಡಕೆತೋಟಗಳಲ್ಲಿ ನಡೆದುದರಿಂದ ಅದು ಕನ್ನಡಿಗರಿಗೆ ಪರಕೀಯವಾದುದಲ್ಲ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶವು ಆಲೂಗಡ್ಡೆಯ ತವರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಯೂರೋಪನ್ನು ಸೇರಿತು. ಐರ್ಲೆಂಡಿನ ಭೂಮಿಯು ಬಹುಮಟ್ಟಿಗೆ ದೊಡ್ಡ ಜಮೀನುದಾರರ ವಶದಲ್ಲಿದ್ದು, ಬಡ ಗೇಣಿದಾರನಿಗೆ ಉಳಿದಿದ್ದುದು ಅಂಗೈಯಗಲದ ನೆಲ. ಅಷ್ಟರಲ್ಲಿ ಒಂದು ಸಂಸಾರವನ್ನು ಸಾಕಬಲ್ಲ ಬೆಳೆಯು ಆಲೂಗಡ್ಡೆಯೊಂದೇ ಆಗಿತ್ತು. ೧೮೪೧ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆಯು ಸುಮಾರು ೮೧ ಲಕ್ಷ. ಅವರಲ್ಲಿ ಸುಮಾರು ೩೦ ಲಕ್ಷ ಮಂದಿಗೆ ಆಲೂಗಡ್ಡೆಯ ಹೊರತು ಬೇರೆ ಆಹಾರವು ಇಲ್ಲವೆನ್ನುವಷ್ಟು ಕಡಮೆ. ಬಡವರು ಹೆಚ್ಚಾಗಿ ನೆಡುತ್ತಿದ್ದುದು ‘ಲಂಪರ್’ ಎಂಬ ಒಂದೇ ಜಾತಿಯನ್ನು. ಗಡ್ಡೆಯ ತುಂಡನ್ನೇ ನೆಟ್ಟು ಬೆಳೆಯಿಸುವುದರಿಂದ ಒಂದು ಗಿಡಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಒಂದನ್ನು ಕೊಲ್ಲಬಲ್ಲ ರೋಗವು ಎಲ್ಲವನ್ನೂ ಕೊಲ್ಲಬಲ್ಲದು.

೧೮೪೫ರ ಬೇಸಗೆಯಲ್ಲಿ ಬೆಲ್ಜಿಯಮ್ ದೇಶದಲ್ಲಿ ತಲೆದೋರಿದ ರೋಗವು ಆಗಸ್ಟ್ ತಿಂಗಳಿನಲ್ಲಿ ಡಬ್ಲಿನ್ ನಗರದ ಸಸ್ಯೋದ್ಯಾನದಲ್ಲಿ ಕಾಣಿಸಿಕೊಂಡಿತು. ಮೊದಲು ಎಲೆಯ ಮೇಲೆ ಕಂದುಬಣ್ಣದ ಮಚ್ಚೆ, ಅಡಿಯಲ್ಲಿ ಬಿಳಿಯ ಬೂಷ್ಟು. ಕೆಲವೇ ದಿನಗಳಲ್ಲಿ ಹೊಲವೆಲ್ಲ ಕರಿಬಡಿದು ದುರ್ಗಂಧವು ಹಬ್ಬಿತು. ಅಗೆದಾಗ ಚೆನ್ನಾಗಿಯೇ ತೋರಿದ ಗಡ್ಡೆಗಳನ್ನು ಜನರು ವಾಡಿಕೆಯಂತೆ ಗುಳಿಗಳಲ್ಲಿ ತುಂಬಿದರು. ಕೆಲವು ವಾರಗಳ ತರುವಾಯ ಗುಳಿಯನ್ನು ತೆರೆದವನಿಗೆ ಕಂಡುದು ಕೊಳೆತ ಮುದ್ದೆ. ಸಿಡಿಲೇ ಕಾರಣವೆಂದು ಕೆಲವರು, ದೈವಕೋಪವೆಂದು ಮತ್ತೆ ಕೆಲವರು ಬಗೆದರು. ಸರ್ಕಾರದವರು ಪ್ಲೇಫೇರ್, ಲಿಂಡ್ಲೆ, ಕೇನ್ ಎಂಬ ಮೂವರು ವಿದ್ವಾಂಸರನ್ನು ವಿಚಾರಣೆಗೆ ನೇಮಿಸಿದರು. ಶೀತದಿಂದಲೇ ಗಡ್ಡೆಯು ಕೊಳೆಯುವುದೆಂಬ ನಂಬಿಕೆಯಿಂದ, ಅದನ್ನು ಒಣಗಿಸಿ ಗಾಳಿಯಾಡುವ ಗುಳಿಗಳಲ್ಲಿಡಬೇಕೆಂದು ಅವರು ಬೋಧಿಸಿದರು. ಹಾಗೆ ಮಾಡಿದವರ ಗಡ್ಡೆಯೂ ಕೊಳೆಯಿತು.

ಮರುವರ್ಷ ಬೆಳೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಶವಾಯಿತು. ಆದರೆ ಕ್ಷಾಮಕ್ಕೆ ರೋಗವೊಂದೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ಜನರು ಹಸಿದಿದ್ದ ವರ್ಷಗಳಲ್ಲಿಯೂ ಓಟ್ಸ್ ಧಾನ್ಯ, ದನ, ಬೆಣ್ಣೆಗಳು ಹಡಗನ್ನೇರಿ ಇಂಗ್ಲೆಂಡಿಗೆ ಹೋಗುತ್ತಿದ್ದುವು. ಗೇಣಿಯನ್ನು ಕೊಡಲಾರದವರು ಮನೆಯಿಂದ ಹೊರದೂಡಲ್ಪಟ್ಟರು. ಪ್ರಧಾನಿ ಪೀಲನು ಅಮೆರಿಕದಿಂದ ಮೆಕ್ಕೆಜೋಳವನ್ನು ತರಿಸಿದನು. ೧೮೪೬ರಲ್ಲಿ ಆತನ ತರುವಾಯ ಬಂದ ಮಂತ್ರಿಮಂಡಲವು ವ್ಯಾಪಾರದಲ್ಲಿ ಕೈಹಾಕಬಾರದೆಂಬ ತತ್ತ್ವವನ್ನು ಹಿಡಿಯಿತು. ಬೊಕ್ಕಸದ ಅಧಿಕಾರಿಯಾಗಿ ಪರಿಹಾರಕಾರ್ಯವನ್ನು ನಡೆಯಿಸಿದವನು ಚಾರ್ಲ್ಸ್ ಟ್ರೆವೆಲಿಯನ್. ೧೮೫೯ರಲ್ಲಿ ಮದರಾಸಿನ ಗವರ್ನರನಾಗಿ ಬಂದವನೂ ಆತನೇ. ೧೮೪೭ರ ಬೇಸಗೆಯಲ್ಲಿ ಗಂಜಿಕೇಂದ್ರಗಳು ದಿನವೊಂದಕ್ಕೆ ಸುಮಾರು ೩೦ ಲಕ್ಷ ಮಂದಿಗೆ ಅನ್ನವಿಟ್ಟುವು. ಮನಸ್ಸು ಮಾಡಿದರೆ ಜನರನ್ನು ಉಳಿಸಬಹುದೆಂಬುದು ಇದರಿಂದ ಸಿದ್ಧವಾಯಿತು; ಆದರೆ ಶರತ್ಕಾಲವು ಬರುವುದರೊಳಗಾಗಿ ಅವುಗಳನ್ನು ಮುಚ್ಚಿಬಿಟ್ಟರು. ಆ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಮಂದಿ ಮಡಿದರು. ಅದಕ್ಕೂ ಹೆಚ್ಚು ಮಂದಿ ದೇಶವನ್ನು ಬಿಟ್ಟು ಕಡಲನ್ನು ದಾಟಿದರು. ೧೮೫೧ರ ಗಣತಿಗೆ ಸಿಕ್ಕಿದವರು ಸುಮಾರು ೬೫ ಲಕ್ಷ.

ಹಗೆಯ ಗುರುತನ್ನು ಹಿಡಿದವನು ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ, ಮೈಲ್ಸ್ ಜೋಸೆಫ್ ಬರ್ಕ್ಲೆ. ಬೂಷ್ಟು ಕೊಳೆಯ ಫಲವಲ್ಲ, ಬೂಷ್ಟೇ ಕೊಳೆಗೆ ಕಾರಣವೆಂದು ೧೮೪೬ರಲ್ಲಿ ಆತನು ಬರೆದನು. ಲಿಂಡ್ಲೆಯು ಅದನ್ನು ಒಪ್ಪಲಿಲ್ಲ. ೧೮೬೧ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿಯು ಪ್ರಯೋಗದಿಂದ ಅದನ್ನು ಸ್ಥಾಪಿಸಿ, ೧೮೭೬ರಲ್ಲಿ ಆ ಜೀವಿಗೆ ‘ಫೈಟಾಫ್ತೊರ’, ಎಂದರೆ ಸಸ್ಯನಾಶಕವೆಂಬ ಗ್ರೀಕ್ ಹೆಸರನ್ನಿಟ್ಟನು. ಅದು ನಿಜವಾದ ಶಿಲೀಂಧ್ರವಲ್ಲ, ಕೆಲವು ಪಾಚಿಗಳ ದೂರದ ನಂಟನೆಂದು ಇಂದಿನ ವಿಜ್ಞಾನವು ಹೇಳುತ್ತದೆ.

ಮದ್ದು ದೊರೆತುದು ಆಕಸ್ಮಿಕವಾಗಿ. ೧೮೮೨ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆಯು ಮೆಡಾಕ್ ಪ್ರಾಂತದ ದ್ರಾಕ್ಷಿತೋಟದಲ್ಲಿ ಹೋಗುತ್ತಿದ್ದನು. ಬೂಷ್ಟುರೋಗದಿಂದ ಎಲ್ಲೆಡೆಯೂ ಎಲೆಯುದುರಿದ್ದರೂ ದಾರಿಯಂಚಿನ ಬಳ್ಳಿಗಳು ಮಾತ್ರ ಹಸುರಾಗಿದ್ದುವು. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚಿದ್ದರು. ಕಳ್ಳರಿಗಾಗಿ ಮಾಡಿದ ಉಪಾಯವು ರೋಗವನ್ನೂ ತಡೆದಿತ್ತು. ಮಿಲಾರ್ಡೆಯು ಪರೀಕ್ಷಿಸಿ ೧೮೮೫ರಲ್ಲಿ ಪ್ರಕಟಿಸಿದ ಈ ಬೋರ್ಡೋ ದ್ರಾವಣವು ಆಲೂಗಡ್ಡೆಗೂ ರಕ್ಷೆಯಾಯಿತು. ಐರ್ಲೆಂಡಿನ ಪಾಲಿಗೆ ಅದು ನಾಲ್ವತ್ತು ವರ್ಷ ತಡವಾಗಿ ಬಂದಿತು.

ಮಲೆನಾಡಿನಲ್ಲಿಯೂ ಮಳೆಗಾಲದಲ್ಲಿ ಎಳೆಯ ಅಡಕೆಯು ಕೊಳೆತು ಉದುರುವುದು ಹಳೆಯ ಪೀಡೆ. ಶರತ್ಕಾಲದಲ್ಲಿ ಕೊನೆಯನ್ನು ಕೊಯ್ಯಬೇಕಾದ ಮನೆಗೆ ಬರಿಯ ಕಡ್ಡಿಯೇ ಉಳಿಯುವುದುಂಟು. ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆಯನ್ನು ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸಮಾಡಿ, ಇದೂ ಫೈಟಾಫ್ತೊರ ಕುಲದ್ದೇ ಎಂದು ಕಂಡರು. ೧೯೧೦ರಲ್ಲಿ ಅವರು ಹೊರಡಿಸಿದ ವರದಿಯು ಕೊಳೆರೋಗವೆಂಬ ಕನ್ನಡದ ಹೆಸರನ್ನೇ ಧರಿಸಿತ್ತು. ೧೯೧೩ರಲ್ಲಿ ಅದನ್ನು ಪ್ರತ್ಯೇಕ ಜಾತಿಯೆಂದು ಹೆಸರಿಸಿದವನು ಐರ್ಲೆಂಡಿನಲ್ಲಿಯೇ ಆಲೂಗಡ್ಡೆಯ ರೋಗಗಳನ್ನು ಅಭ್ಯಸಿಸುತ್ತಿದ್ದ ಪೆಥಿಬ್ರಿಜ್. ಆ ಹೆಸರನ್ನು ಇಂದಿನ ವಿಜ್ಞಾನಿಗಳು ತಿದ್ದಿರುವರಾದರೂ ಕುಲವು ಅದೇ. ಕೋಲ್ಮನ್ನರು ಬೋರ್ಡೋ ದ್ರಾವಣವನ್ನು ಇಲ್ಲಿನ ಗೊನೆಗಳ ಮೇಲೆ ಪರೀಕ್ಷಿಸಿ ಬಳಕೆಗೆ ತಂದರು. ನೂರು ಲೀಟರು ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಎಂಬ ಲೆಕ್ಕವು ಇಂದಿಗೂ ಅಡಕೆಯ ಮನೆಗಳಲ್ಲಿ ಬಾಯಿಪಾಠ.

ಈ ಮದ್ದು ತಗುಲಿದ ರೋಗವನ್ನು ಗುಣಪಡಿಸುವುದಲ್ಲ. ತಗುಲದಂತೆ ಮೊದಲೇ ತೊಡಿಸುವ ಕವಚ. ನಮ್ಮವರ ಕೊಟ್ಟೆಯೂ ಇದೇ ನೀತಿಯನ್ನು ಅನುಸರಿಸಿದುದು. ಐರ್ಲೆಂಡಿನ ಬಡವನು ದುಡಿಮೆಯಲ್ಲಿ ಯಾರಿಗೂ ಕಡಮೆಯಾಗಿರಲಿಲ್ಲ. ಆದರೆ ಆತನ ಹಗೆ ಯಾರೆಂಬುದು ವಿದ್ವಾಂಸರಿಗೂ ತಿಳಿಯದು, ಆತನ ಹಸಿವು ಎಷ್ಟೆಂಬುದು ಆಳುವವರಿಗೆ ನಾಟದು. ಮೊದಲನೆಯ ಕೊರತೆಯನ್ನು ವಿಜ್ಞಾನವು ನಾಲ್ವತ್ತು ವರ್ಷಗಳಲ್ಲಿ ನೀಗಿತು. ಎರಡನೆಯದಕ್ಕೆ ಮೈಲುತುತ್ತವು ಸಾಲದು.