ಹೂವಿನ ದುಂಬಿ, ತಿಪ್ಪೆಯ ದುಂಬಿ

ಬನವಾಸಿಯಲ್ಲಿ ಮರಿದುಂಬಿಯಾಗಿ ಹುಟ್ಟಿದರೂ ಸಾಕೆಂದು ಬಯಸಿದವನು 10ನೇ ಶತಮಾನದ ಪಂಪ. ಅಂದಿನಿಂದ ನಮ್ಮ ಕಾವ್ಯದ ದುಂಬಿ ಮಕರಂದ ಹೀರುತ್ತಲೇ ಬಂದಿದೆ. ಆದರೆ ಹೆಬ್ಬಾಳದಲ್ಲಿ 1964ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯದ ಕೈಪಿಡಿಗಳಲ್ಲಿ ಅದೇ ಪದ, ಬೆನ್ನಿನ ಮೇಲೆ ಗಟ್ಟಿ ಚಿಪ್ಪು ಹೊತ್ತ ಕೀಟಗಳ ಇಡೀ ಕುಲಕ್ಕೆ ಸಲ್ಲುತ್ತದೆ. ಹೆಸರಿಟ್ಟವೇ ಲೋಕದಲ್ಲಿ ಸುಮಾರು 4 ಲಕ್ಷ ಜಾತಿ ಇರುವ ಕುಲ ಅದು. ಈ ಹೊಸ ಅರ್ಥ ಕೈಪಿಡಿಯಲ್ಲೇ ಉಳಿಯದೆ ಯಲಹಂಕ, ರಾಜಾನುಕುಂಟೆ, ಹೆಸರಘಟ್ಟದ ಕಡೆಯ ಮನೆಮಾತಿಗೂ ಇಳಿಯಬೇಕು ಎನ್ನುವುದು ನನ್ನ ವಾದ.

ಕಾರಣ ಹಿತ್ತಿಲಲ್ಲೇ ಇದೆ. ತಿಪ್ಪೆ ಕೆದಕಿದರೆ ದಪ್ಪನೆಯ, ಬಾಗಿ ಮಲಗಿದ ಬಿಳಿ ಹುಳು ಸಿಗುತ್ತದೆ, ಅದು ಗೊಣ್ಣೆಹುಳು. ರಾತ್ರಿ ದೀಪಕ್ಕೆ ಬಂದು ಗೋಡೆಗೆ ಬಡಿದು ಬೀಳುವ, ಮೂತಿಯ ಮೇಲೆ ಕೊಂಬಿರುವ ಕಪ್ಪು ಕೀಟಕ್ಕೆ ಮಾತ್ರ 'ಯಾವುದೋ ಹುಳ' ಎಂದು ಬಿಡುತ್ತೇವೆ. ಎಷ್ಟೋ ಸಲ ಎರಡೂ ಒಂದೇ ಜೀವದ ಎರಡು ವಯಸ್ಸು. ಗೊಬ್ಬರ ತಿಂದು ಬೆಳೆದದ್ದೇ ರೆಕ್ಕೆ ಬಂದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ, ಬಿಚ್ಚಿದ ಗರಿ ಕತ್ತರಿ ಆಡಿಸಿದಂತೆ ಕಾಣುತ್ತದೆ. 'ರೈನೋಸರಸ್ ದುಂಬಿಯ ಮರಿಹುಳು' ಎಂದೊಡನೆ ತಿಪ್ಪೆಗೂ ತೆಂಗಿಗೂ ನಂಟು ತಿಳಿಯುತ್ತದೆ. ಔಷಧಿಗೆ ಓಡುವ ಮೊದಲು ತಿಪ್ಪೆ ತಿರುವಿ ನೋಡಬೇಕೆಂಬ ಬುದ್ಧಿಯೂ ಹೊಳೆಯುತ್ತದೆ. ಹೊಲದ ಬೇರು ತಿನ್ನುವ ಗೊಣ್ಣೆಹುಳುವಿನದ್ದೂ ಇದೇ ಕಥೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಸಂಜೆ ಅದರ ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿಗೆ ಮುತ್ತುತ್ತವೆ. ಕೊಂಬೆ ಅಲುಗಿಸಿ ಆರಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಲು ಸಿಗುವುದು ಆಗಿನ ಕೆಲವೇ ಸಂಜೆಗಳು.

ಕಾವ್ಯದ ದುಂಬಿ ಕೆಡುತ್ತದೆ ಎನ್ನುವವರಿದ್ದಾರೆ. ಕೆಡುವುದಿಲ್ಲ, ಹೂವು ಪಕ್ಕದಲ್ಲಿದ್ದರೆ ಯಾವ ಓದುಗನೂ ದಾರಿ ತಪ್ಪುವುದಿಲ್ಲ. ಜೀರುಂಡೆ ಎಂಬ ಪದ ಇದೆಯಲ್ಲ ಎಂಬ ಮಾತು ಇದಕ್ಕಿಂತ ತೂಕದ್ದು. ಆದರೆ ಮಲೆನಾಡಿನಲ್ಲಿ ಜೀರುಂಡೆ ಎಂದರೆ ಕಾಡು ತುಂಬ ಕಿರುಗುಟ್ಟುವ ಬೇರೆಯದೇ ಕೀಟ. ಊರಿನ ಹೆಸರುಗಳು ಅಳಿಯುತ್ತವೆ ಎಂಬ ಅಂಜಿಕೆ ನನಗೂ ಇದೆ. ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಮಕ್ಕಳು ಸಾಕುತ್ತಿದ್ದ, ಹಸಿರು ಮಿನುಗುವ ಜೀರ್ಜಿಂಬೆಯ ಹೆಸರನ್ನು ಬಿಟ್ಟುಕೊಡಲಾದೀತೇ? ಬಿಡಬೇಕಾಗಿಯೂ ಇಲ್ಲ. ಜೀರ್ಜಿಂಬೆ ಒಂದು ಜಾತಿಯ ದುಂಬಿ ಎಂದರಾಯಿತು. ನಿಜವಾಗಿ ಹೆಸರುಗಳನ್ನು ನುಂಗುತ್ತಿರುವುದು ಎಲ್ಲಕ್ಕೂ ಒಂದೇ ಆದ 'ಹುಳ'. ಅವರೆಗೆ ಹೇನು ಹತ್ತಿದಾಗ ಅದನ್ನು ತಿನ್ನಲು ಬರುವ ಗುಲಗಂಜಿ ದುಂಬಿಯೂ ಆ ಹೆಸರಿನಲ್ಲೇ ಔಷಧಿಗೆ ಸಾಯುತ್ತಿದೆ.